ಹಡಪ್ಸರದ ಒಂದು ಕಾಟ್ ಬೇಸಿಸ್ ವಸತಿ: ಐದು ತಿಂಗಳ ವಾಸದ ನಂತರ

ಪುಣೆಯ ಹಡಪ್ಸರದಲ್ಲಿ, ಗಾಡಿತಳದಿಂದ ಹತ್ತು ನಿಮಿಷದ ನಡಿಗೆಯಲ್ಲಿರುವ ಈ ವಸತಿಯಲ್ಲಿ ಬಾಡಿಗೆಗೆ ಸಿಗುವುದು ಕೋಣೆಯಲ್ಲ, ಮಂಚ. ಕೋಣೆಗೆ ಆರು ಮಂಚಗಳು, ಮಂಚವೊಂದಕ್ಕೆ ತಿಂಗಳಿಗೆ 3,500 ರೂಪಾಯಿ, ಅಷ್ಟೇ ಮೊತ್ತದ ಡಿಪಾಸಿಟ್. ನೀರಿಗೆ ತೊಂದರೆಯಿಲ್ಲ, ತಿಗಣೆಯ ಕಾಟವೂ ಇಲ್ಲ. ಈ ದರಕ್ಕೆ ಅದು ಸಣ್ಣ ಮಾತಲ್ಲ. ಊಟದ ಡಬ್ಬಾ ಪ್ರತ್ಯೇಕ.

ದರ ಕಡಿಮೆಯೆಂದು ನನಗೂ ಅನ್ನಿಸಿತ್ತು, ಪಕ್ಕದ ಮಂಚದವರ ಲೆಕ್ಕ ಕೇಳುವವರೆಗೆ. ವಿಜಯಪುರದ ಕಡೆಯ ಅವರು ಸೆಕ್ಯುರಿಟಿ ಗಾರ್ಡ್. ವೇತನ 14,000 ರೂಪಾಯಿ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಹಾರಾಷ್ಟ್ರದ 1983ರ ಕನಿಷ್ಠ ಮನೆಬಾಡಿಗೆ ಭತ್ಯೆ ಕಾನೂನು ವಿಧಿಸಿರುವುದು ವೇತನದ ಶೇ. 5, ಅವರ ಪಾಲಿಗೆ ಅದು 700 ರೂಪಾಯಿ, ಅಂದರೆ ಒಂದು ಮಂಚದ ಬಾಡಿಗೆಯಲ್ಲಿ ಐದನೆಯ ಒಂದು ಭಾಗ. ಇದೇ ಊರಿನಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ಸಿಗುವ ಭತ್ಯೆ ಮೂಲವೇತನದ ಶೇ. 30.

ಉಳಿದದ್ದನ್ನು ಹೊಟ್ಟೆ ಕಟ್ಟಿ ಹೊಂದಿಸುತ್ತಿದ್ದ ಅವರಿಗೆ ಒಂದು ತಿಂಗಳು ಏಜೆನ್ಸಿ ಪಗಾರವನ್ನು ತಡಮಾಡಿತು. ಡಿಪಾಸಿಟ್ ಕೈಯಲ್ಲಿದ್ದರೂ ಮ್ಯಾನೇಜರ್ ಏಳನೆಯ ತಾರೀಖಿಗೆ ಅವರ ಟ್ರಂಕನ್ನು ಹೊರಗಿಡಿಸಿದರು. ತಾವು ಕಾಯುವ ಅಪಾರ್ಟ್‌ಮೆಂಟಿನ ಗೇಟಿನ ಕ್ಯಾಬಿನ್ನಿನಲ್ಲಿ, ಕುರ್ಚಿಯ ಮೇಲೆ, ಅವರು ಎಂಟು ರಾತ್ರಿ ಮಲಗಿದರು. ಡ್ಯೂಟಿ ಒಂದು ದಿನವೂ ತಪ್ಪಲಿಲ್ಲ.

ಈ ವಸತಿಯ ದೊಡ್ಡ ಕೊರತೆ ಇಲ್ಲಿದೆ: ಯಾರಿಗೂ ಕರಾರುಪತ್ರವಿಲ್ಲ, ರಸೀದಿಯೂ ಇಲ್ಲ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೆಯ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ನಿಗದಿತ ಅವಧಿಗೆ ವಾಸಿಸಲು ಮಾಲೀಕ ಕೊಡುವ ಅನುಮತಿಯ ಪತ್ರ) ಲಿಖಿತವಾಗಿರಬೇಕು, ನೋಂದಣಿಯಾಗಬೇಕು, ಮತ್ತು ನೋಂದಾಯಿಸುವ ಹೊಣೆ ಮಾಲೀಕನದೇ. ಹನ್ನೊಂದು ತಿಂಗಳಿಗೆ 38,500 ರೂಪಾಯಿ ಬಾಡಿಗೆಯಾದರೆ, ಶೇ. 0.25ರ ಮುದ್ರಾಂಕ ಶುಲ್ಕ ಸುಮಾರು 100 ರೂಪಾಯಿ, ನೋಂದಣಿ ಶುಲ್ಕ 1,000. ಇದನ್ನು ಹೇಳಿದಾಗ ಮ್ಯಾನೇಜರ್ ನಕ್ಕು, ಮಂಚಕ್ಕೆಲ್ಲ ಯಾರಾದರೂ ಅಗ್ರಿಮೆಂಟ್ ಮಾಡುತ್ತಾರೆಯೇ ಎಂದರು. ರಸೀದಿಯಿಲ್ಲದ ಕಾರಣ ನನ್ನ ಕಚೇರಿಯಲ್ಲಿ ಮನೆಬಾಡಿಗೆಯ ತೆರಿಗೆ ವಿನಾಯಿತಿಗೂ ದಾಖಲೆಯಿರಲಿಲ್ಲ. ಆದರೆ ಅದು ನನ್ನ ಜೇಬಿನ ನಷ್ಟ ಮಾತ್ರ.

ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ, ಎರಡು ಶುಚಿತ್ವಕ್ಕೆ, ಅರ್ಧ ನೀರಿಗೆ. ಒಂದನೆಯ ತಾರೀಖಿಗೆ ತಪ್ಪದೆ ಸಂಬಳ ಬರುವವರು ಧಾರಾಳವಾಗಿ ಸೇರಬಹುದು. ಬಿಡುವಾಗ ನನ್ನ ಡಿಪಾಸಿಟ್ಟಿನಲ್ಲಿ ಗೋಡೆಯ ಸುಣ್ಣಕ್ಕೆಂದು 400 ರೂಪಾಯಿ ಮುರಿದುಕೊಂಡರು. ನನ್ನ ಮಂಚವಿದ್ದದ್ದು ಕೋಣೆಯ ನಟ್ಟನಡುವೆ.