ಅಡಿಕೆ ಸುಲಿತದ ರಾತ್ರಿಗೆ ಹಳೇ ರೇಡಿಯೋ ಥ್ರಿಲ್ಲರ್: ‘ಸಸ್ಪೆನ್ಸ್’ ಮತ್ತು ‘ಎಸ್ಕೇಪ್’ ಕೇಳಿ ನೋಡಿ

ಅಡಿಕೆ ಸುಲಿಯುವಾಗ ಕೈಗೂ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಮೆಟ್ಟುಗತ್ತಿ ಮುಂದೆ ಕೂತ ಮೇಲೆ ದೃಷ್ಟಿ ಅಲಗಿನ ಮೇಲೇ ಇರಬೇಕು. ಮೊಬೈಲಿನಲ್ಲಿ ಸಿನಿಮಾ ಹಾಕಿಕೊಂಡು ಸುಲಿಯುತ್ತೇನೆ ಅಂದರೆ ಬೆರಳಿಗೆ ಕುತ್ತು. ಖಾಲಿ ಇರೋದು ಕಿವಿ ಮಾತ್ರ. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಸುಲಿಯುವ ಮೆಷೀನ್ ಇಟ್ಟವರು ಈಗ ಜಾಸ್ತಿ ಆಗಿದ್ದಾರೆ. ನಮ್ಮದು ಸಣ್ಣ ತೋಟ, ಇನ್ನೂ ಕೈ ಸುಲಿತವೇ. ರಾತ್ರಿ ಊಟ ಮುಗಿಸಿ ಅಂಗಳದಲ್ಲಿ ಲೈಟ್ ಹಾಕಿಕೊಂಡು ಕೂತರೆ ಏಳುವುದು ತಡ ಆಗುತ್ತದೆ. ಆ ಹೊತ್ತಿಗೆ ಏನು ಕೇಳೋದು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ನಾಟಕಗಳು. ಸಿಕ್ಕ ಮೇಲೆ ನಾಲ್ಕು ಜನಕ್ಕೆ ಹೇಳದೆ ಇರೋಕೆ ಆಗುತ್ತಿಲ್ಲ.

ಇವು ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ಬರುತ್ತಿದ್ದ ಎರಡು ಸರಣಿಗಳು. ‘ಸಸ್ಪೆನ್ಸ್’ 1942ರಿಂದ 1962ರವರೆಗೆ ನಡೆಯಿತು. ‘ಎಸ್ಕೇಪ್’ 1947ರಿಂದ 1954ರವರೆಗೆ. ಎರಡೂ ಇಂಟರ್ನೆಟ್ ಆರ್ಕೈವ್ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಅಲ್ಲೇ ಕೇಳಬಹುದು, ಇಳಿಸಿಕೊಳ್ಳಲೂಬಹುದು. ಹೆಚ್ಚಿನ ಕಂತುಗಳು ಅರ್ಧ ಗಂಟೆಯ ಆಸುಪಾಸು. ಕೆಲವು ಕಥೆ ರೇಡಿಯೋಗೆಂದೇ ಬರೆದವು. ಇನ್ನು ಕೆಲವು ಅದಕ್ಕೂ ಮೊದಲೇ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬಂದು ಹೆಸರು ಮಾಡಿದ್ದ ಕಥೆಗಳು, ರೇಡಿಯೋಗೆ ಹೊಂದಿಸಿ ಆಡಿಸಿದ್ದಾರೆ.

ಇಂಗ್ಲಿಷ್ ಅರ್ಥ ಆಗುತ್ತಾ ಅಂತ ಕೇಳುವವರಿಗೆ ಒಂದು ಮಾತು. ನಾನು ಮದುವೆಗೆ ಮುಂಚೆ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡಿದವಳು. ಅಮೆರಿಕದವರ ಮಾತು ಕಿವಿಗೆ ಹೊಸದಲ್ಲ. ಆದರೆ ಆ ಅಭ್ಯಾಸ ಇಲ್ಲದವರಿಗೂ ಇದು ಕಷ್ಟ ಆಗಲಾರದು. ಈಗಿನ ಇಂಗ್ಲಿಷ್ ಸಿನಿಮಾದಲ್ಲಿ ಮಾತು ಬಾಯಲ್ಲೇ ಉಳಿದುಬಿಡುತ್ತದೆ. ಈ ನಟರಿಗೆ ಅಂಥ ಅವಕಾಶ ಇರಲಿಲ್ಲ. ಮುಖ ಕಾಣದ ಕೇಳುಗನಿಗೆ ಒಂದೊಂದು ಪದವೂ ತಲುಪಬೇಕಿತ್ತು. ಹಾಗಾಗಿ ಬಿಡಿಸಿ ಬಿಡಿಸಿ ಮಾತಾಡುತ್ತಾರೆ.

ಮೊದಲು ಕೇಳಬೇಕಾದದ್ದು ‘ಸಾರಿ, ರಾಂಗ್ ನಂಬರ್’. ಲೂಸಿಲ್ ಫ್ಲೆಚರ್ ಇದನ್ನು ರೇಡಿಯೋಗೆಂದೇ ಬರೆದರು. ಸಸ್ಪೆನ್ಸ್‌ನಲ್ಲಿ ಮೊದಲು ಬಂದದ್ದು 1943ರ ಮೇ 25ರಂದು. ಮುಖ್ಯ ಪಾತ್ರ ಆಗ್ನೆಸ್ ಮೂರ್‌ಹೆಡ್ ಅವರದು. ನ್ಯೂಯಾರ್ಕಿನಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದ ಒಬ್ಬ ಹೆಂಗಸು. ಮನೆಯಲ್ಲಿ ಒಬ್ಬಳೇ. ಗಂಡನ ಆಫೀಸಿಗೆ ಫೋನ್ ಮಾಡುತ್ತಾಳೆ, ಲೈನ್ ಸಿಗುವುದಿಲ್ಲ. ನಡುವೆ ಒಂದು ಕ್ರಾಸ್ ಕನೆಕ್ಷನ್. ಇಬ್ಬರು ಗಂಡಸರು ಒಂದು ಕೊಲೆಯ ಬಗ್ಗೆ ಮಾತಾಡುತ್ತಿದ್ದಾರೆ. ರಾತ್ರಿ 11.15ಕ್ಕೆ, ಸೇತುವೆ ಮೇಲೆ ರೈಲು ಹೋಗುವ ಹೊತ್ತಿಗೆ. ಆಗ ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಅಷ್ಟರಲ್ಲಿ ಲೈನ್ ಕಟ್ ಆಗುತ್ತದೆ.

ಅಲ್ಲಿಂದ ಮುಂದೆ ಇಡೀ ನಾಟಕ ಬರೀ ಅವಳ ಫೋನ್ ಕರೆಗಳೇ. ಲೈನ್ ಜೋಡಿಸಿಕೊಡುವ ಟೆಲಿಫೋನ್ ಆಪರೇಟರಿಗೆ ಒಂದು, ಪೊಲೀಸರಿಗೆ ಒಂದು, ಮತ್ತೆ ಆಪರೇಟರಿಗೆ, ಆಸ್ಪತ್ರೆಗೆ. ನನ್ನನ್ನು ಹಿಡಿದು ಕೂರಿಸಿದ್ದು ಆ ಆಪರೇಟರುಗಳ ದನಿ. ಯಾರೂ ಸಿಡುಕುವುದಿಲ್ಲ. ಎಲ್ಲರದ್ದೂ ಮರ್ಯಾದೆಯ ಮಾತೇ. ಅವಳು ಉಸಿರು ಕಟ್ಟಿ ಹೇಳುತ್ತಾ ಇದ್ದರೆ ಈ ಕಡೆಯಿಂದ ನಿಯಮದ ಪ್ರಕಾರ ತಣ್ಣನೆಯ ಉತ್ತರ ಬರುತ್ತದೆ. ಕಾಲ್ ಸೆಂಟರಿನಲ್ಲಿ ನಮಗೂ ಅದೇ ದನಿ ಕಲಿಸಿದ್ದರು. ಗ್ರಾಹಕ ಅಳಲಿ, ಬೈಯಲಿ, ದನಿ ಒಂದೇ ಮಟ್ಟದಲ್ಲಿ ಇರಬೇಕು. ಆ ದನಿಯನ್ನು ಆ ಕಡೆ ಕೂತು ಕೇಳಿದರೆ ಹೇಗಿರುತ್ತದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಈ ನಾಟಕದಿಂದ. ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮೂರ್‌ಹೆಡ್ ಪಾತ್ರವನ್ನು ಮುದ್ದಾಗಿ ಮಾಡುವುದೂ ಇಲ್ಲ. ಶುರುವಿನಲ್ಲಿ ಆಕೆ ಕಿರಿಕಿರಿಯ, ದರ್ಪದ ಹೆಂಗಸು. ಎಲ್ಲರಿಗೂ ಹುಕುಂ ಹೊರಡಿಸುತ್ತಾಳೆ. ನಿಮಿಷ ಕಳೆದ ಹಾಗೆ ಆ ದರ್ಪ ಒಂದೊಂದೇ ಪದರ ಕಳಚುತ್ತದೆ. ಅವಳ ಮೇಲೆ ಸಿಟ್ಟು ಬಂದಿದ್ದ ನಮಗೇ ಅವಳನ್ನು ಯಾರಾದರೂ ಕಾಪಾಡಬಾರದಾ ಅನ್ನಿಸತೊಡಗುತ್ತದೆ.

ಇನ್ನೊಂದು ವಿಷಯ ಗಡಿಯಾರದ್ದು. ಅವಳಿಗೆ ಉಳಿದಿರುವ ಹೊತ್ತೂ ನಾವು ಕೇಳುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಸಿನಿಮಾದಲ್ಲಿ ದೃಶ್ಯ ಕತ್ತರಿಸಿ ಒಂದು ಗಂಟೆ ಮುಂದೆ ಹೋಗಬಹುದು. ಇಲ್ಲಿ ಹಾಗೆ ತಪ್ಪಿಸಿಕೊಳ್ಳೋಕೆ ಬಿಡುವುದಿಲ್ಲ. ಇದೇ ಕಥೆ 1948ರಲ್ಲಿ ಬಾರ್ಬರಾ ಸ್ಟ್ಯಾನ್‌ವಿಕ್ ನಟಿಸಿದ ಸಿನಿಮಾ ಆಯಿತು. ಅದರಲ್ಲಿ ಹಿಂದಿನ ಕಥೆ ಎಲ್ಲ ತಂದು ಉದ್ದ ಮಾಡಿದ್ದಾರೆ. ನನ್ನ ಮಟ್ಟಿಗೆ ರೇಡಿಯೋದ ಅರ್ಧ ಗಂಟೆಯೇ ಮೇಲು.

ಒಂದು ಸಣ್ಣ ಸಂಗತಿ: ಸಸ್ಪೆನ್ಸ್‌ನ ಶುರುವಿನಲ್ಲಿ ಬರುವ ಆ ನಡುಗಿಸುವ ಸಂಗೀತ ಬರ್ನಾರ್ಡ್ ಹರ್ಮನ್ ಅವರದು. ಮುಂದೆ ಹಿಚ್‌ಕಾಕ್ ಸಿನಿಮಾಗಳಿಗೆ ಸಂಗೀತ ಕೊಟ್ಟವರು ಅವರೇ. ಆ ಕಾಲಕ್ಕೆ ಲೂಸಿಲ್ ಫ್ಲೆಚರ್ ಅವರ ಗಂಡ ಕೂಡ.

ಎರಡನೆಯದು ಎಸ್ಕೇಪ್‌ನ ‘ತ್ರೀ ಸ್ಕೆಲಿಟನ್ ಕೀ’. ಇದು ಪತ್ರಿಕೆಯ ಕಥೆ ರೇಡಿಯೋಗೆ ಬಂದದ್ದು. ಫ್ರೆಂಚ್ ಲೇಖಕ ಜಾರ್ಜ್ ತುದೂಜ್ ಬರೆದ ಕಥೆ, ಇಂಗ್ಲಿಷಿನಲ್ಲಿ 1937ರಲ್ಲಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬಂದಿತ್ತು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಕರಾವಳಿಯ ಆಚೆ ಒಂದು ಬಂಡೆ. ಅದರ ಮೇಲೊಂದು ದೀಪಸ್ತಂಭ. ಕಾಯಲು ಮೂರು ಜನ. ಒಂದು ರಾತ್ರಿ ಹಡಗೊಂದು ತೇಲಿಕೊಂಡು ಇವರ ಕಡೆ ಬರುತ್ತದೆ. ಅದರಲ್ಲಿ ಒಬ್ಬ ಮನುಷ್ಯನೂ ಇಲ್ಲ. ಇರೋದೆಲ್ಲ ಇಲಿ, ಹಡಗಿನ ಹಸಿದ ದೊಡ್ಡ ಇಲಿಗಳು. ಅವು ಈಜಿ ಬಂಡೆಗೆ ಬರುತ್ತವೆ. ಮೂವರೂ ಬಾಗಿಲು ಹಾಕಿಕೊಂಡು ಒಳಗೆ ಸೇರಿಕೊಳ್ಳುತ್ತಾರೆ. ಇಲಿಗಳು ಗೋಡೆ ಹತ್ತಿ ಮೇಲಿನ ದೀಪದ ಕೋಣೆಯ ಗಾಜನ್ನೆಲ್ಲ ಮುಚ್ಚಿಬಿಡುತ್ತವೆ. ಇವರಿಗೂ ಅವಕ್ಕೂ ನಡುವೆ ಇರೋದು ಆ ಗಾಜು ಒಂದೇ.

ಮಲೆನಾಡಿನ ಮನೆಯಲ್ಲಿ ಕೂತು ಇದನ್ನು ಕೇಳೋದು ಬೇರೆಯೇ ಅನುಭವ. ನಮ್ಮ ತಲೆಯ ಮೇಲೇ ಅಟ್ಟ ಇದೆ. ಅಟ್ಟದಲ್ಲಿ ಹೆಗ್ಗಣ ಓಡಾಡೋದು ದಿನಾ ಇದ್ದದ್ದೇ, ಯಾರೂ ಗಮನಿಸೋದಿಲ್ಲ. ಈ ನಾಟಕ ಹಾಕಿದ ರಾತ್ರಿ ಮಾತ್ರ ಅಟ್ಟದ ಹಲಗೆ ಮೇಲೆ ಸರ್ರನೆ ಏನೋ ಓಡಿದ್ದೇ ತಡ, ಸುಲಿಯುತ್ತಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು. ನನ್ನ ಓರಗಿತ್ತಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ನಾನು ಮಧ್ಯೆ ಮಧ್ಯೆ ನಿಲ್ಲಿಸಿ ಕನ್ನಡದಲ್ಲಿ ಕಥೆ ಹೇಳುತ್ತಿದ್ದೆ. ಇಲಿಗಳು ಗಾಜಿನ ಹತ್ತಿರ ಬಂದ ಮೇಲೆ ಅವಳೇ ಅಂದಳು: “ನೀನು ಹೇಳೋದು ಬೇಡ, ಸುಮ್ನೆ ಹಾಕು.” ಆಮೇಲೆ ಅವಳಿಗೆ ನನ್ನ ಸಹಾಯ ಬೇಕಾಗಲಿಲ್ಲ. ಸಮುದ್ರದ ಸದ್ದು, ಪರಚುವ ಸದ್ದು, ಹೇಳುವವನ ಉಸಿರು ಏರುವುದು, ಅಷ್ಟು ಸಾಕಾಯಿತು.

ಈ ನಾಟಕವನ್ನು ಎಸ್ಕೇಪ್ 1949ರ ನವೆಂಬರಿನಲ್ಲಿ ಮೊದಲ ಸಲ ಆಡಿಸಿತು. 1950ರ ಮಾರ್ಚಿನಲ್ಲಿ ವಿನ್ಸೆಂಟ್ ಪ್ರೈಸ್ ಅವರನ್ನು ಕರೆಸಿ ಮತ್ತೆ ಮಾಡಿದರು. ಮುಂದೆ ಸಸ್ಪೆನ್ಸ್ ಕೂಡ ಇದನ್ನೇ ಎತ್ತಿಕೊಂಡಿತು. ಒಂದೇ ಕಥೆ ಮತ್ತೆ ಯಾಕೆ ಕೇಳಬೇಕು ಅಂತ ನಮ್ಮ ಕಡೆಯವರು ಕೇಳಲಾರರು. ತಾಳಮದ್ದಳೆ ಕೇಳಿ ಬೆಳೆದವರು ನಾವು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು. ಮಳೆಗಾಲದ ರಾತ್ರಿ ಬರೀ ಮಾತಿನಲ್ಲೇ ಕುರುಕ್ಷೇತ್ರ ಎದ್ದು ನಿಲ್ಲುತ್ತದೆ. ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಈ ಸಲ ಕರ್ಣನ ಅರ್ಥ ಯಾರು ಹೇಳುತ್ತಾರೆ ಅನ್ನೋದಕ್ಕೆ ಜನ ಹೋಗುತ್ತಾರೆ. ವಿನ್ಸೆಂಟ್ ಪ್ರೈಸ್ ಅಂಥ ಅರ್ಥಧಾರಿ. ಶುರುವಿನಲ್ಲಿ ದೀಪಸ್ತಂಭದ ಬದುಕನ್ನು ಎಷ್ಟು ಪ್ರೀತಿಯಿಂದ ವರ್ಣಿಸುತ್ತಾರೆ ಅಂದರೆ, ಆ ಜಾಗ ಹಾಳಾಗುವುದು ನಮ್ಮದೇ ಮನೆ ಹಾಳಾದ ಹಾಗೆ ಅನ್ನಿಸುತ್ತದೆ. ನೀವು ಒಂದೇ ಆವೃತ್ತಿ ಕೇಳುವುದಾದರೆ 1950ರದ್ದನ್ನೇ ಕೇಳಿ.

ತೋಟ ಇರುವವರು ‘ಲೈನಿಂಗನ್ ವರ್ಸಸ್ ದಿ ಆಂಟ್ಸ್’ ಬಿಡಬೇಡಿ. ಕಾರ್ಲ್ ಸ್ಟೀಫನ್‌ಸನ್ ಅವರ ಕಥೆ, ಎಸ್ಕೇಪ್‌ನಲ್ಲಿ 1948ರ ಜನವರಿಯಲ್ಲಿ ಬಂತು. ಲೈನಿಂಗನ್ ಆಗಿ ವಿಲಿಯಂ ಕಾನ್ರಾಡ್. ಬ್ರೆಜಿಲ್‌ನ ಒಬ್ಬ ತೋಟದ ಯಜಮಾನ. ಮೈಲಿಗಟ್ಟಲೆ ಹರಡಿದ ಇರುವೆ ದಂಡು ಅವನ ತೋಟದ ಕಡೆ ಬರುತ್ತಿದೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಮೂಳೆ ಮಾತ್ರ ಉಳಿಸಿ ತಿಂದು ಬರುತ್ತಿದೆ. ಊರು ಬಿಟ್ಟು ಹೋಗು ಅಂತ ಹೇಳಿದರೂ ಅವನು ಕೇಳುವುದಿಲ್ಲ. ತೋಟದ ಸುತ್ತ ಕಾಲುವೆ ತೋಡಿದ್ದಾನೆ, ಹೊಳೆಗೆ ಕಟ್ಟು ಹಾಕಿದ್ದಾನೆ, ಮೊದಲ ಕಾಲುವೆಯ ಒಳಸುತ್ತಿನಲ್ಲಿ ಪೆಟ್ರೋಲ್ ತುಂಬುವ ಇನ್ನೊಂದು ಕಾಲುವೆ. ನಾವು ಚಗಳಿ ಗೂಡು ಇಳಿಸಿ ಚಟ್ನಿ ಅರೆದು ತಿನ್ನುವ ಜನ. ಇರುವೆ ಅಂದರೆ ನಮಗೆ ಅಷ್ಟೊಂದು ಭಯ ಇಲ್ಲ. ಆದರೂ ಈ ನಾಟಕ ಕೇಳುವಾಗ ಮೈ ಮೇಲೆ ಹರಿದ ಹಾಗೆ ಆಗಿ ತೋಳು ಕೊಡವಿಕೊಂಡಿದ್ದೇನೆ. ಕೊಳೆರೋಗ ಬಂದ ವರ್ಷ, ಆನೆ ನುಗ್ಗಿದ ವರ್ಷ, ತೋಟದವರು ಮುಖ ಗಂಟು ಹಾಕಿಕೊಂಡು ‘ನೋಡೇ ಬಿಡೋಣ’ ಅನ್ನುತ್ತಾರಲ್ಲ, ಆ ಹಟ ಕಾನ್ರಾಡ್ ದನಿಯಲ್ಲಿ ಹಾಗೇ ಇದೆ. ಲಕ್ಷಾಂತರ ಇರುವೆ ತೋರಿಸೋದು ಸಿನಿಮಾಕ್ಕೆ ಖರ್ಚಿನ ಬಾಬ್ತು. ರೇಡಿಯೋಗೆ ಒಂದು ಸದ್ದು ಮತ್ತು ಹೆದರಿದ ಒಬ್ಬ ಮನುಷ್ಯನ ಮಾತು ಸಾಕು.

ಈ ಮೂರರಲ್ಲೂ ಒಂದು ಹೋಲಿಕೆ ಇದೆ. ಒಂದು ಮುಚ್ಚಿದ ಜಾಗ, ಹೊರಗೆ ಹೋಗಲು ಆಗದ ಮನುಷ್ಯ, ಹತ್ತಿರ ಬರುತ್ತಾ ಇರುವ ಏನೋ ಒಂದು. ರೇಡಿಯೋಗೆ ಕಥೆ ಆರಿಸುತ್ತಿದ್ದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಪಾತ್ರ ಜಾಸ್ತಿ ಆದ ಕಂತುಗಳಲ್ಲಿ ಯಾರು ಯಾರೆಂದು ಗೊತ್ತಾಗೋದೇ ಕಷ್ಟ. ಕಣ್ಣಿಗೆ ಕಟ್ಟುವ ದೃಶ್ಯದ ಮೇಲೆ ನಿಂತ ಕಥೆಗಳೂ ಅಷ್ಟೇ, ರೇಡಿಯೋಗೆ ಒಗ್ಗುವುದಿಲ್ಲ. ಚಾರ್ಲ್ಸ್ ಡಿಕನ್ಸ್ 1866ರಲ್ಲಿ ಬರೆದ ‘ದಿ ಸಿಗ್ನಲ್‌ಮ್ಯಾನ್’ ನನಗೆ ಓದಲು ತುಂಬ ಇಷ್ಟ. ಸುರಂಗದ ಹತ್ತಿರ ರೈಲ್ವೆ ಸಿಗ್ನಲ್ ಕಾಯುವವನೊಬ್ಬನ ದೆವ್ವದ ಕಥೆ ಅದು. ಸಕಲೇಶಪುರ ಘಾಟಿಯ ರೈಲಿನಲ್ಲಿ ಸುರಂಗ ದಾಟುವಾಗಲೆಲ್ಲ ನೆನಪಾಗುತ್ತದೆ. ಸಸ್ಪೆನ್ಸ್ ಅದನ್ನೂ ಮಾಡಿದೆ, ಆಗ್ನೆಸ್ ಮೂರ್‌ಹೆಡ್ ಅವರೇ ಇದ್ದಾರೆ. ಆದರೆ ಆ ಕಥೆಯ ಭಯ ಇರೋದು ಸುರಂಗದ ಬಾಯಲ್ಲಿ ನಿಂತು ಕೈ ಬೀಸುವ ಆಕೃತಿಯಲ್ಲಿ, ಕೆಂಪು ದೀಪದಲ್ಲಿ. ಅದನ್ನು ಬಾಯಿಬಿಟ್ಟು ಹೇಳಿದ ಕೂಡಲೇ ಅರ್ಧ ಶಕ್ತಿ ಹೋಗುತ್ತದೆ. ಗಂಟೆಯ ಸದ್ದು, ತಂತಿಯ ಗುಂಯ್‌ಗುಡುವಿಕೆ ಮಾತ್ರ ಚೆನ್ನಾಗಿ ಬಂದಿದೆ. ಇದನ್ನು ಓದಿಯೇ ಸವಿಯಬೇಕು.

ಜಾಹೀರಾತಿನ ವಿಷಯ. ಸಸ್ಪೆನ್ಸ್‌ಗೆ ಪ್ರಾಯೋಜಕರು ಇದ್ದರು. 1940ರ ದಶಕದ ಹೆಚ್ಚಿನ ಕಂತುಗಳಲ್ಲಿ ರೋಮಾ ವೈನ್, ಆಮೇಲೆ ಆಟೋಲೈಟ್ ಸ್ಪಾರ್ಕ್ ಪ್ಲಗ್. ಕಥೆ ಬಿಗಿಯಾಗಿ ಇರುವಾಗ ಒಬ್ಬರು ಬಂದು ಸ್ಪಾರ್ಕ್ ಪ್ಲಗ್ ಹೊಗಳುತ್ತಾರೆ. ನಾನು ಆ ಹೊತ್ತಿಗೆ ಸುಲಿದ ಅಡಿಕೆ ಬುಟ್ಟಿಗೆ ಸುರಿದು ಬರುತ್ತೇನೆ. ಎಸ್ಕೇಪ್‌ಗೆ ಬಹುಪಾಲು ಪ್ರಾಯೋಜಕರೇ ಇರಲಿಲ್ಲ. ಅದಕ್ಕೇ ಸಿಬಿಎಸ್ ಅದರ ವಾರ, ಹೊತ್ತು ಎರಡನ್ನೂ ಪದೇ ಪದೇ ಬದಲಿಸುತ್ತಿತ್ತು. ಪಾಪ, ಆಗಿನ ಕೇಳುಗರಿಗೆ ಹುಡುಕಾಟ. ನಮಗೆ ಅದರಿಂದ ಲಾಭ: ಅರ್ಧ ಗಂಟೆ ಪೂರ್ತಿ ಕಥೆ.

ಕೇಳುವ ಮೊದಲು ಕೆಲವು ಮಾತು. ಒಂದೇ ಕಂತನ್ನು ಬೇರೆ ಬೇರೆಯವರು ಹಾಕಿರುತ್ತಾರೆ, ಗುಣಮಟ್ಟ ಒಂದೇ ಇರೋದಿಲ್ಲ. ಕೆಲವದರಲ್ಲಿ ಹಳೇ ತಟ್ಟೆಯ ಕರಕರ ಜಾಸ್ತಿ. ಮೊದಲ ಎರಡು ನಿಮಿಷ ಕೇಳಿ, ಚೆನ್ನಾಗಿಲ್ಲದಿದ್ದರೆ ಇನ್ನೊಂದು ಪ್ರತಿ ಹುಡುಕಿ. ಫೈಲಿನ ಹೆಸರಿನಲ್ಲಿ ಸಾಮಾನ್ಯವಾಗಿ ಪ್ರಸಾರದ ವರ್ಷ, ತಿಂಗಳು, ದಿನ ಇರುತ್ತದೆ. ಬೇಕಾದ ಆವೃತ್ತಿ ಗುರುತಿಸಲು ಅದು ಸಾಕು. 64 ಕೆಬಿಪಿಎಸ್ ಎಂಪಿ3 ಆದರೆ ಅರ್ಧ ಗಂಟೆಗೆ 14-15 ಎಂಬಿ ಅಷ್ಟೇ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇರೋದು ಗುಡ್ಡದ ಮೇಲಿನ ಗೇಟಿನ ಹತ್ತಿರ ಮಾತ್ರ. ಹಾಗಾಗಿ ಪೇಟೆಗೆ ಹೋದಾಗ ಇಳಿಸಿಟ್ಟುಕೊಳ್ಳುತ್ತೇನೆ. ಕರೆಂಟ್ ಹೋದರೂ, ಸಿಗ್ನಲ್ ಇಲ್ಲದಿದ್ದರೂ ನಾಟಕ ನಿಲ್ಲುವುದಿಲ್ಲ. ಎಲ್ಲರೂ ಕೂತು ಕೇಳುವುದಾದರೆ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಸಾಕು. ಒಬ್ಬರೇ ಇದ್ದರೆ ಹೆಡ್‌ಫೋನ್ ಹಾಕಿ. ‘ಸಾರಿ, ರಾಂಗ್ ನಂಬರ್’ ಅಂತೂ ಹೆಡ್‌ಫೋನಿನಲ್ಲೇ ಕೇಳಬೇಕು. ಫೋನಿನ ದನಿ ನೇರ ಕಿವಿಯೊಳಗೆ ಬರುತ್ತದೆ. ಸಣ್ಣ ಮಕ್ಕಳಿದ್ದರೆ ಇಲಿಯದ್ದು ಬೇಡ, ಇರುವೆಯದ್ದು ಪರವಾಗಿಲ್ಲ.

ನಮ್ಮ ಮನೆಯಲ್ಲಿ ಮೊದಲಿಂದ ರೇಡಿಯೋ ಅಂದರೆ ಭದ್ರಾವತಿ ಆಕಾಶವಾಣಿ. ಅತ್ತೆ ಈಗಲೂ ಬೆಳಿಗ್ಗೆ ಅದನ್ನೇ ಹಾಕುತ್ತಾರೆ. ಈ ಇಂಗ್ಲಿಷ್ ನಾಟಕಗಳನ್ನು ದಿನಾಂಕ, ನಟರ ಹೆಸರಿನ ಸಮೇತ ಇಷ್ಟು ಜತನದಿಂದ ಜೋಡಿಸಿಟ್ಟದ್ದು ನೋಡುವಾಗ ಕನ್ನಡದ ಹಳೇ ಬಾನುಲಿ ನಾಟಕಗಳೂ ಹೀಗೆ ಒಂದೇ ಕಡೆ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಸಿಗಬೇಕು ಅಂತ ತುಂಬ ಆಸೆಯಾಗುತ್ತದೆ. ಯಾರ ಹತ್ತಿರವಾದರೂ ಹಳೇ ಕ್ಯಾಸೆಟ್ಟಿನಲ್ಲಿ ಕನ್ನಡದ ಪತ್ತೇದಾರಿ ಅಥವಾ ದೆವ್ವದ ರೇಡಿಯೋ ನಾಟಕ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ, ತಿಳಿಸಿ. ಕ್ಯಾಸೆಟ್ ಪ್ಲೇಯರ್ ನಮ್ಮಲ್ಲಿದೆ, ಇನ್ನೂ ಓಡುತ್ತದೆ.