ಸರ್ವರಿನ ಸಿಪಿಯು ಆಗಾಗ ನೂರು ಮುಟ್ಟುತ್ತಿದೆಯೇ? ಅಟಾಪ್ ಹಾಕಿಡಿ

ವರ್ಚುವಲ್ ಸರ್ವರಿನ ಸಿಪಿಯು ದಿನವೆಲ್ಲ ಶೇ. 10ರ ಆಸುಪಾಸಿನಲ್ಲಿದ್ದು, ಯಾವಾಗಲೋ ಒಮ್ಮೆ ನೂರಕ್ಕೆ ಏರಿ ಮತ್ತೆ ಇಳಿದುಬಿಡುತ್ತದೆ. ಆ ಕ್ಷಣದಲ್ಲಿ ಓಡುತ್ತಿರುವ ಪ್ರೋಸೆಸ್‌ಗಳನ್ನಷ್ಟೇ (ಪ್ರೋಗ್ರಾಂಗಳನ್ನಷ್ಟೇ) ತೋರಿಸುವ ಟಾಪ್, ಎಚ್‌ಟಾಪ್ ಎರಡೂ ಈ ತೊಂದರೆಗೆ ಕೆಲಸಕ್ಕೆ ಬರುವುದಿಲ್ಲ. ಲಾಗಿನ್ ಆಗಿ ನೋಡುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ. ಯಾರೂ ನೋಡದ ಹೊತ್ತಿನಲ್ಲೂ ಬರೆದಿಟ್ಟುಕೊಂಡು, ಆಮೇಲೆ ಹಿಂದಕ್ಕೆ ಹೋಗಿ ತೋರಿಸುವ ಸಾಧನ ಬೇಕು. ಗೆರ್ಲೋಫ್ ಲಾಂಗೆವೆಲ್ಡ್ ಬರೆದ ಅಟಾಪ್ ಅದನ್ನೇ ಮಾಡುತ್ತದೆ. ಉಚಿತ, ಓಪನ್ ಸೋರ್ಸ್, ಲಿನಕ್ಸಿಗೆ ಮಾತ್ರ.

ಉಬುಂಟು, ಡೆಬಿಯನ್‌ಗಳಲ್ಲಿ ಆಪ್ಟ್ ಮೂಲಕ ಹಾಕಿದೊಡನೆ ಲಾಗ್ ಶುರುವಾಗುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಎಪೆಲ್ ಎಂಬ ಹೆಚ್ಚುವರಿ ಪ್ಯಾಕೇಜ್ ಭಂಡಾರದಿಂದ ತಂದು, ಸಿಸ್ಟಮ್‌ಕಂಟ್ರೋಲ್ (systemctl) ಕಮಾಂಡ್‌ನಲ್ಲಿ ನೀವೇ ಎನೇಬಲ್ ಮಾಡಬೇಕು. ಎರಡರಲ್ಲೂ ದಿನಕ್ಕೊಂದು ಫೈಲ್. /var/log/atop ಡೈರೆಕ್ಟರಿಯಲ್ಲಿ ತಾರೀಖಿನ ಹೆಸರಲ್ಲಿ ಕೂರುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 28 ದಿನ ಉಳಿಯುತ್ತದೆ.

ಹಾಕಿದ ಕೂಡಲೇ ಬದಲಿಸಬೇಕಾದ್ದು ಒಂದಿದೆ. ಎಷ್ಟು ಹೊತ್ತಿಗೊಮ್ಮೆ ಬರೆದಿಡಬೇಕು ಎನ್ನುವ ಲಾಗ್ ಇಂಟರ್ವಲ್ 600 ಸೆಕೆಂಡ್ ಎಂದು ಬರುತ್ತದೆ. ಹತ್ತು ನಿಮಿಷದ ಆ ಒಂದು ಸ್ಯಾಂಪಲ್‌ನಲ್ಲಿ 40 ಸೆಕೆಂಡ್ ಪೂರ್ತಿ ನೂರಕ್ಕೆ ಏರಿದರೂ ಸರಾಸರಿಗೆ ಸೇರುವುದು ಶೇ. 7 ಕೂಡ ಅಲ್ಲ. ಕ್ಲೌಡ್ ಕಂಪನಿಗಳು ಕೊಡುವ 5 ನಿಮಿಷದ ಗ್ರಾಫಿನದೂ ಇದೇ ಕಥೆ, ಅಲ್ಲಿ ಅದೇ ಏರಿಕೆ ಶೇ. 13 ಎಂದು ಕಾಣುತ್ತದೆ. ಉಬುಂಟುವಿನಲ್ಲಿ /etc/default/atop ಫೈಲ್, ರೆಡ್ ಹ್ಯಾಟ್ ಬಳಗದಲ್ಲಿ /etc/sysconfig/atop ಫೈಲ್ ತೆರೆದು 600 ಇರುವಲ್ಲಿ 60 ಬರೆಯಿರಿ, ಸರ್ವೀಸ್ ರೀಸ್ಟಾರ್ಟ್ ಮಾಡಿ. ದಿನಕ್ಕೆ 144 ಇದ್ದ ಸ್ಯಾಂಪಲ್ 1440 ಆಗುತ್ತದೆ, ಫೈಲ್‌ಗಳೂ ಅದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಡಿಸ್ಕ್ ಚಿಕ್ಕದಿದ್ದರೆ 28 ದಿನವನ್ನು 7ಕ್ಕೆ ಇಳಿಸಿ. ಇಂಟರ್ವಲ್ ಬದಲಿಸದೆಯೇ ಬಳಸಿ, ಅಟಾಪ್‌ನಿಂದ ಪ್ರಯೋಜನವಿಲ್ಲ ಅನ್ನುವವರ ಮಾತಿಗೆ ನಾವು ಕಿವಿಗೊಡುವುದಿಲ್ಲ.

ನಮ್ಮ ದೃಷ್ಟಿಯಲ್ಲಿ ಇದರ ದೊಡ್ಡ ಗುಣ, ಸತ್ತ ಪ್ರೋಸೆಸ್‌ಗಳನ್ನೂ ತೋರಿಸುವುದು. ಮುಗಿದ ಪ್ರೋಸೆಸ್‌ಗಳ ಲೆಕ್ಕ ಬರೆದಿಡುವ ಕರ್ನೆಲ್‌ನ (ಲಿನಕ್ಸಿನ ತಿರುಳಿನ) ಪ್ರೋಸೆಸ್ ಅಕೌಂಟಿಂಗ್ ಬಳಸಿಕೊಂಡು, ಎರಡು ಸ್ಯಾಂಪಲ್‌ಗಳ ನಡುವೆ ಹುಟ್ಟಿ ಮುಗಿದುಹೋದ ಪ್ರೋಸೆಸ್‌ಗಳ ಸಿಪಿಯು ಸಮಯವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಂಥವುಗಳ ಹೆಸರು ಕೋನಾಕಾರದ ಆವರಣದೊಳಗೆ ಬರುತ್ತದೆ. ಸ್ಮಾಲ್ ಪಿ ಒತ್ತಿದರೆ ಒಂದೇ ಹೆಸರಿನವೆಲ್ಲ ಒಟ್ಟಾಗಿ, ಎಷ್ಟು ಇದ್ದವು ಎಂಬ ಸಂಖ್ಯೆಯೊಂದಿಗೆ ಕಾಣುತ್ತವೆ. ಒಂದೊಂದೂ ಅರ್ಧ ಸೆಕೆಂಡ್ ಬದುಕುವ ನೂರಾರು ಪಿಎಚ್‌ಪಿ ಅಥವಾ ಶೆಲ್ ಪ್ರೋಸೆಸ್‌ಗಳೇ ಏರಿಕೆಗೆ ಕಾರಣವಾಗಿದ್ದರೆ ಟಾಪ್ ಅವುಗಳಲ್ಲಿ ಬಹುಪಾಲನ್ನು ಕಾಣುವುದೇ ಇಲ್ಲ. ಇಲ್ಲಿ ಮೊದಲ ಸಾಲಿನಲ್ಲೇ ಬಂದು ನಿಲ್ಲುತ್ತವೆ.

ಬಳಸುವ ರೀತಿಗೆ ನಮ್ಮಲ್ಲಿ ಪದೇ ಪದೇ ಕಾಣುವ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಎರಡು ಕೋರ್‌ನ ಉಬುಂಟು ಸರ್ವರ್, ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಸೈಟ್ ನಿಧಾನವಾಗುತ್ತದೆ. ಆ ಹೊತ್ತಿಗೆ ಜನ ಜಾಸ್ತಿ ಬರುತ್ತಾರೆ ಎಂದುಕೊಂಡು ದೊಡ್ಡ ಪ್ಲಾನ್‌ಗೆ ಹೋಗುವವರೇ ಹೆಚ್ಚು. ಕ್ಲೌಡ್ ಸರ್ವರಿನ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ 11.55 ಅಂದರೆ ಅದಕ್ಕೆ 6.25. ಉಬುಂಟು, ಡೆಬಿಯನ್‌ಗಳ ಕ್ರಾನ್‌ಟ್ಯಾಬ್‌ನಲ್ಲಿ, ಅಂದರೆ ಹೊತ್ತಿಗೆ ಸರಿಯಾಗಿ ತಾನಾಗಿ ನಡೆಯುವ ಕೆಲಸಗಳ ಪಟ್ಟಿಯಲ್ಲಿ, ದಿನದ ಕೆಲಸಗಳು ನಡೆಯುವ ಹೊತ್ತೂ 6.25 ಎಂದೇ ಬರೆದಿರುತ್ತದೆ.

ಅಟಾಪ್‌ಗೆ ಆರ್ ಫ್ಲ್ಯಾಗ್‌ನೊಂದಿಗೆ ಆ ದಿನದ ಫೈಲ್, ಬಿ ಫ್ಲ್ಯಾಗ್‌ನೊಂದಿಗೆ 06:20 ಕೊಟ್ಟು ತೆರೆಯಿರಿ. ಸ್ಮಾಲ್ ಟಿ ಒತ್ತಿದರೆ ಮುಂದಿನ ನಿಮಿಷ, ಕ್ಯಾಪಿಟಲ್ ಟಿ ಒತ್ತಿದರೆ ಹಿಂದಿನ ನಿಮಿಷ. ಮೇಲಿನ ಸಿಪಿಯು ಸಾಲು ಶೇ. 90 ದಾಟಿದರೆ ಕೆಂಪಾಗುತ್ತದೆ. ಅಲ್ಲಿ ನಿಂತು ಕ್ಯಾಪಿಟಲ್ ಸಿ ಒತ್ತಿ, ಹೆಚ್ಚು ಸಿಪಿಯು ತಿಂದವು ಮೇಲೆ ಬರುತ್ತವೆ. ಸ್ಮಾಲ್ ಸಿ ಒತ್ತಿದರೆ ಪೂರ್ತಿ ಕಮಾಂಡ್ ಕಾಣುತ್ತದೆ. ಇಲ್ಲಿ ಸಿಗುವುದು ಫೈಲ್ ಕುಗ್ಗಿಸುವ ಜಿಜಿಪ್, ಅದರ ಜೊತೆಗೆ ಡೇಟಾಬೇಸಿನ ಪ್ರತಿ ತೆಗೆಯುವ ಮೈಎಸ್‌ಕ್ಯೂಎಲ್ ಡಂಪ್. ಯಾರೋ ಎಂದೋ ಕ್ರಾನ್ ಡೈಲಿ ಡೈರೆಕ್ಟರಿಯಲ್ಲಿ ಹಾಕಿಟ್ಟ ಬ್ಯಾಕಪ್ ಸ್ಕ್ರಿಪ್ಟ್. ಜಿಜಿಪ್ ಒಂದು ಕೋರನ್ನು ಪೂರ್ತಿ ಹಿಡಿಯುತ್ತದೆ, ಡೇಟಾಬೇಸ್ ಇನ್ನೊಂದನ್ನು.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಸ್ಕ್ರಿಪ್ಟನ್ನು ಕ್ರಾನ್ ಡೈಲಿಯಿಂದ ತೆಗೆದು ಯುಟಿಸಿ 20.30ಕ್ಕೆ ಇಡಿ, ಅದು ನಮ್ಮ ರಾತ್ರಿ 2 ಗಂಟೆ. ಜಿಜಿಪ್ ಮುಂದೆ ನೈಸ್ 19 ಸೇರಿಸಿ, ಅದು ತೀರ ಕಡಿಮೆ ಆದ್ಯತೆ ಕೊಡುವ ಕಮಾಂಡ್. ನೈಸ್ ಹಾಕಿದ ಮೇಲೂ ಗ್ರಾಫ್ ನೂರೇ ತೋರಿಸುತ್ತದೆ, ಗಾಬರಿ ಬೇಡ. ವೆಬ್ ಸರ್ವರ್ ಕೇಳಿದಾಗ ಜಿಜಿಪ್ ಜಾಗ ಬಿಡುತ್ತದೆ, ನಮಗೆ ಬೇಕಾದ್ದು ಅಷ್ಟೇ. ಇದೇ ಬಗೆಯ ಬೇರೆ ಅಪರಾಧಿಗಳು, ಕ್ರಾನ್‌ನಂತೆಯೇ ಹೊತ್ತಿಗೆ ಕೆಲಸ ಓಡಿಸುವ ಸಿಸ್ಟಮ್‌ಡಿ ಟೈಮರ್‌ಗಳಲ್ಲಿ ಇರುತ್ತವೆ. ಅಪ್‌ಡೇಟ್ ಹುಡುಕುವ ಆಪ್ಟ್ ಡೈಲಿ, ಸಹಾಯ ಪುಟಗಳ ಸೂಚಿ ಕಟ್ಟುವ ಮ್ಯಾನ್ ಡಿಬಿಯಂಥವು. ಆಪ್ಟ್ ಟೈಮರ್‌ಗೆ ಯಾದೃಚ್ಛಿಕ ವಿಳಂಬ ಇರುವುದರಿಂದ ಏರಿಕೆ ದಿನಕ್ಕೊಂದು ಹೊತ್ತಿನಲ್ಲಿ ಬಂದು ತಲೆ ತಿನ್ನುತ್ತದೆ. ಸಿಸ್ಟಮ್‌ಕಂಟ್ರೋಲ್‌ನ ಲಿಸ್ಟ್ ಟೈಮರ್ಸ್ ಪಟ್ಟಿಯನ್ನು ಲಾಗ್ ಪಕ್ಕದಲ್ಲಿಟ್ಟು ನೋಡಿದರೆ ಬಿಡಿಸಿಕೊಳ್ಳುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಟೈಮರನ್ನು ಮಾತ್ರ ನಿಲ್ಲಿಸಬೇಡಿ, ಹೊತ್ತು ಬದಲಿಸಿ.

ಎಲ್ಲ ಏರಿಕೆಗೂ ಪ್ರೋಸೆಸ್ ಹೊಣೆಯಲ್ಲ. ಮೇಲೆ ಮೆಮೊರಿ ತೆರವು ಮಾಡುವ ಕರ್ನೆಲ್ಲಿನ ಕೆ-ಸ್ವಾಪ್-ಡಿ (kswapd) ಬಂದಿದ್ದರೆ ಅದು ಮೆಮೊರಿ ಸಾಲದ ಲಕ್ಷಣ, ಸಿಪಿಯು ಹೆಚ್ಚಿಸಿ ಉಪಯೋಗವಿಲ್ಲ. ಯಾವ ಪ್ರೋಸೆಸ್ಸೂ ದೊಡ್ಡದಾಗಿ ಕಾಣದೆ ಸಿಪಿಯು ಸಾಲಿನ ಸ್ಟೀಲ್ ಅಂಕಿ ಏರಿದ್ದರೆ, ನಿಮ್ಮ ಸರ್ವರ್ ಕೇಳಿದ ಸಮಯವನ್ನು ಹೋಸ್ಟ್ ಕೊಟ್ಟಿಲ್ಲ ಎಂದರ್ಥ. ಪಕ್ಕದ ಗಿರಾಕಿಗಳ ಹೊರೆ ಒಂದು ಕಾರಣ. ಸುಮ್ಮನಿದ್ದಾಗ ಕೂಡಿಟ್ಟ ಸಿಪಿಯು ಸಮಯವನ್ನು ಬೇಕಾದಾಗ ಖರ್ಚು ಮಾಡುವ ಕ್ರೆಡಿಟ್ ಲೆಕ್ಕದ ಪ್ಲಾನ್ ಇನ್ನೊಂದು. ಅಮೆಜಾನಿನ ಟಿ3 ಮೈಕ್ರೋದಲ್ಲಿ ಎರಡು ವರ್ಚುವಲ್ ಸಿಪಿಯು ಇದ್ದರೂ ಪ್ರತಿಯೊಂದಕ್ಕೂ ಸಿಗುವ ಮೂಲಮಟ್ಟ ಶೇ. 10 ಮಾತ್ರ. ಗಂಟೆಗೆ 12 ಕ್ರೆಡಿಟ್ ಸೇರುತ್ತದೆ, ಹೆಚ್ಚೆಂದರೆ 288 ಕೂಡುತ್ತದೆ. ಕ್ರೆಡಿಟ್ ಮೀರಿಯೂ ಬಳಸಲು ಬಿಡುವ ಅನ್‌ಲಿಮಿಟೆಡ್ ಮೋಡ್ ತೆಗೆದಿದ್ದು ಕ್ರೆಡಿಟ್ ಖಾಲಿಯಾದರೆ ಮೂಲಮಟ್ಟಕ್ಕೆ ಇಳಿಸಿಬಿಡುತ್ತಾರೆ. ಇಂಥಲ್ಲಿ ಕೋಡ್ ಕೆದಕುವ ಮೊದಲು ಕ್ರೆಡಿಟ್ ಬ್ಯಾಲೆನ್ಸ್ ಗ್ರಾಫ್ ನೋಡಿ. ಸ್ಟೀಲ್ ಅಂಕಿಯಿರುವ ಅಟಾಪ್ ಸ್ಕ್ರೀನನ್ನು ಹೋಸ್ಟಿಂಗ್‌ನವರಿಗೆ ಕಳಿಸಿದರೆ "ನಿಮ್ಮ ಅಪ್ಲಿಕೇಶನ್ನಿನದೇ ಸಮಸ್ಯೆ" ಎಂಬ ಉತ್ತರಕ್ಕೆ ಆಸ್ಪದ ಕಡಿಮೆ.

ಕೊರತೆಗಳೂ ಇವೆ. ಸ್ಕ್ರೀನ್ ಅಂಕಿಗಳಿಂದ ಕಿಕ್ಕಿರಿದಿದೆ, ಕಣ್ಣಿಗೆ ಒಗ್ಗಲು ಹೊತ್ತು ಬೇಕು. ಎರಡು ಕೋರ್ ಇದ್ದರೆ ಮೊತ್ತ ಶೇ. 200 ಎಂದು ಬರುವುದು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಫೈಲಿನ ಮೊದಲ ಸ್ಯಾಂಪಲ್ ಸರ್ವರ್ ಬೂಟ್ ಆದಾಗಿನಿಂದ ಆದ ಒಟ್ಟು ಲೆಕ್ಕ, ಅದನ್ನು ನಡುರಾತ್ರಿಯ ಏರಿಕೆ ಎಂದು ಓದಬಾರದು. ಯಾವ ಪ್ರೋಸೆಸ್ ಎಂದು ಹೇಳುತ್ತದೆಯೇ ಹೊರತು ಅದರೊಳಗಿನ ಯಾವ ಫಂಕ್ಷನ್ ಎಂದಲ್ಲ. ಅದಕ್ಕೆ ಪರ್ಫ್ ಎಂಬ ಬೇರೆ ಸಾಧನ ಬೇಕು. ಗ್ರಾಫ್ ಬೇಕೆನ್ನುವವರಿಗೆ ನೆಟ್‌ಡೇಟಾ ಸೆಕೆಂಡ್‌ಗೊಂದು ಅಂಕಿ ಕೊಟ್ಟು ಬ್ರೌಸರಿನಲ್ಲೇ ಚಂದವಾಗಿ ತೋರಿಸುತ್ತದೆ, ಆದರೆ 1 ಜಿಬಿ ಮೆಮೊರಿಯ ಸರ್ವರಿಗೆ ಅದು ಭಾರ. ಇಂಥದ್ದೇ ಇನ್ನೊಂದು ಸಾಧನ ಸಾರ್ (sar) ಹಗುರ, ಆದರೆ ಅದರ ದಿನದ ಲಾಗ್‌ನಲ್ಲಿ ಪ್ರೋಸೆಸ್ ಹೆಸರುಗಳಿರುವುದಿಲ್ಲ.

ಸುರಕ್ಷತೆಯ ವಿಷಯ ಹೇಳಲೇಬೇಕು. 2025ರ ಮಾರ್ಚ್‌ನಲ್ಲಿ 2.11.0 ಮತ್ತು ಅದಕ್ಕಿಂತ ಹಿಂದಿನ ಅಟಾಪ್‌ನಲ್ಲಿ ದೋಷ ಬಯಲಾಯಿತು, ಸಂಖ್ಯೆ ಸಿವಿಇ-2025-31160. ಅದೇ ಸರ್ವರಿನಲ್ಲಿ ಸಾಮಾನ್ಯ ಯೂಸರ್ ಆಗಿರುವವನು, ಬೇರೆಯವರು ಓಡಿಸುತ್ತಿರುವ ಅಟಾಪನ್ನು ಕೆಡವಬಹುದಿತ್ತು. ಜಿಪಿಯು ಅಂಕಿ ಕೊಡುವ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇದೆಯೇ ಎಂದು ಅಟಾಪ್ ತಾನಾಗಿ ಪೋರ್ಟ್ ತಟ್ಟುತ್ತಿದ್ದುದೇ ಮೂಲ. 2.11.1ರಲ್ಲಿ ಸರಿಪಡಿಸಿದ್ದಾರೆ, ಈಗ ನೀವು ಕೆ ಫ್ಲ್ಯಾಗ್ ಕೊಟ್ಟರೆ ಮಾತ್ರ ಆ ಸಂಪರ್ಕ. ಉಬುಂಟು, ಡೆಬಿಯನ್‌ಗಳಂಥ ಡಿಸ್ಟ್ರೋದವರು ಹಳೆಯ ಆವೃತ್ತಿಗಳಿಗೂ ತೇಪೆ ಹಾಕಿರುವುದರಿಂದ ಆವೃತ್ತಿ ಸಂಖ್ಯೆಯೊಂದನ್ನೇ ನಂಬದೆ ಪ್ಯಾಕೇಜಿನ ಚೇಂಜ್‌ಲಾಗ್ ನೋಡಿ. ಹಲವರಿಗೆ ಲಾಗಿನ್ ಆಗಿ ಕಮಾಂಡ್ ಓಡಿಸಲು ಶೆಲ್ ಕೊಟ್ಟಿರುವ ಸರ್ವರಿನಲ್ಲಿ ಅಪ್‌ಡೇಟ್ ಆಗದ ಅಟಾಪ್ ಇದ್ದರೆ, ಅಪ್‌ಡೇಟ್ ಆಗುವವರೆಗೆ ಸರ್ವೀಸ್ ನಿಲ್ಲಿಸಿಡುವುದೇ ಸರಿ.