ಕೋಲಾರದ ಹಳೇ ಪೇಟೆ ನಡಿಗೆ: ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಕೋಲಾರದಲ್ಲಿ ಭಾನುವಾರ ಬೆಳಗ್ಗೆ ‘ಹಳೇ ಪೇಟೆ ಪಾರಂಪರಿಕ ನಡಿಗೆ’ ಅಂತ ಒಂದು ಪೋಸ್ಟರ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಹಿಂದೆ ಸೋಮೇಶ್ವರ ದೇವಸ್ಥಾನದ ಗೋಪುರ, ಮುಂದೆ ಕೈಕಟ್ಟಿ ನಿಂತ ಗೈಡ್. ನಿಮಗೂ ಬಂದಿದ್ದರೆ ದಯವಿಟ್ಟು ಒಂದು ಪೈಸೆನೂ ಕಳಿಸಬೇಡಿ. ಮೊದಲು ಇದನ್ನು ಪೂರ್ತಿ ಓದಿ. ಹೆಸರು ಬರೆಯೋದಿಲ್ಲ, ಬರೆದರೆ ಕೇಸು ಹಾಕುತ್ತೀವಿ ಅಂತ ಆಗಲೇ ಹೇಳಿದ್ದಾರೆ. ಪೋಸ್ಟರ್ ಕಂಡಾಗ ನಿಮಗೇ ಗೊತ್ತಾಗುತ್ತೆ.

ಶಿವಮೊಗ್ಗದಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬಂದಿದ್ದರು. ಭಾವನಿಗೆ ಹಳೇ ದೇವಸ್ಥಾನ ಅಂದರೆ ಹುಚ್ಚು. ಇಕ್ಕೇರಿ, ಕೆಳದಿ, ಬಳ್ಳಿಗಾವಿ ಎಲ್ಲ ಕಂಬ ಕಂಬ ಮುಟ್ಟಿ ನೋಡಿದವರು. ನಾನು ಮದುವೆಯಾಗಿ ಈ ಊರಿಗೆ ಬಂದವಳು, ಕೋಲಾರಮ್ಮನಿಗೆ ಕೈಮುಗಿದು ಕುಂಕುಮ ಇಟ್ಟುಕೊಂಡು ಬರೋದು ಗೊತ್ತೇ ಹೊರತು ಗೋಡೆ ಮೇಲೆ ಏನು ಬರೆದಿದೆ ಅಂತ ಹೇಳೋ ಓದು ನನ್ನದಲ್ಲ. ತಿಳಿದವರು ಹೇಳಲಿ ಅಂತ ಬುಕ್ ಮಾಡಿದೆ. ದೊಡ್ಡವರಿಗೆ 600, ಮಕ್ಕಳಿಗೆ 400. ನಾವು ಮೂವರು, ಮಕ್ಕಳಿಬ್ಬರು, ಒಟ್ಟು 2,600 ರೂಪಾಯಿ. ಪೋಸ್ಟರ್‌ನಲ್ಲಿ ಇದ್ದದ್ದು ಕ್ಲಾಕ್ ಟವರ್, ಮಕ್ಬರಾ, ಕೋಲಾರಮ್ಮ, ಸೋಮೇಶ್ವರ, ಅಂತರಗಂಗೆ, ಜೊತೆಗೆ ‘ಅಪ್ಪಟ ಕೋಲಾರದ ತಿಂಡಿ’. ಮೂರೂವರೆ ಗಂಟೆ. ಇಷ್ಟಕ್ಕೆ ಆ ರೇಟು ಜಾಸ್ತಿ ಅಂತ ಯಾರೂ ಹೇಳಲ್ಲ. ನಾನೂ ಹೇಳಲ್ಲ. ಸಿಟ್ಟು ಬಂದಿರೋದು ಅದಕ್ಕಲ್ಲ.

ಕ್ಲಾಕ್ ಟವರ್ ಹತ್ತಿರ ಸೇರಿದ್ದೇ ಗೈಡ್ ಮೊದಲು ಮಾಡಿದ ಕೆಲಸ ಅಂದರೆ ಎಲ್ಲರ ಫೋನ್ ನಂಬರ್ ಒಂದು ಪುಸ್ತಕದಲ್ಲಿ ಬರೆಸಿಕೊಂಡದ್ದು. ‘ಗುಂಪಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಬೇಕಾಗುತ್ತೆ’ ಅಂದ. ನಂಬರ್ ಜೊತೆ ಊರು, ಕೆಲಸ, ಸ್ವಂತ ಮನೆಯಾ ಬಾಡಿಗೆಯಾ. ಸ್ವಂತ ಮನೆಯಾ ಬಾಡಿಗೆಯಾ! ಗುಂಪಿನಲ್ಲಿ ತಪ್ಪಿಸಿಕೊಂಡವರನ್ನು ಹುಡುಕೋದಕ್ಕೆ ಅದೆಲ್ಲ ಯಾಕೆ? ಇದು ಯಾಕೆ ಅಂತ ಮುಂದೆ ಹೇಳುತ್ತೀನಿ.

ಎರಡನೇ ಕೆಲಸ, ‘ಪರ್ಮಿಷನ್’ ದುಡ್ಡು. ತಲೆಗೆ 150. ಮಕ್ಕಳಿಗೂ 150. ಇದು ಪೋಸ್ಟರ್‌ನಲ್ಲಿ ಇರಲಿಲ್ಲ. ನಾನು ಕೇಳಿದೆ, ‘ಅಲ್ರೀ, ನಾನು ಈ ಗುಡಿಗೆ ಬರ್ತಾನೇ ಇರ್ತೀನಿ, ಅಲ್ಲೆಲ್ಲಿದೆ ಟಿಕೆಟ್ಟು?’ ಉತ್ತರ ಬಾಯಲ್ಲೇ ಇತ್ತು. ‘ಮೇಡಂ, ದರ್ಶನಕ್ಕೆ ಫ್ರೀ. ಆದರೆ ಗೈಡ್ ಜೊತೆ ಗುಂಪಾಗಿ ನಡೆದರೆ ಪುರಾತತ್ವ ಇಲಾಖೆ ಪರ್ಮಿಷನ್ ತಗೋಬೇಕು. ಇಲ್ಲ ಅಂದ್ರೆ ಒಳಗೆ ಮಾತಾಡೋಕೂ ಬಿಡಲ್ಲ.’ ಅದನ್ನು ಅವನು ಹೇಳಿದ ರೀತಿ ನೋಡಬೇಕಿತ್ತು, ನಮ್ಮ ಮೇಲೆ ಕನಿಕರ ಇರೋನ ಥರ. ಜೊತೆಗೆ ಒಂದು ಚೀಟಿ ಕೊಟ್ಟ. ತೆಳು ಹಳದಿ ಕಾಗದ, ಮೂಲೆಯಲ್ಲಿ ನೇರಳೆ ಬಣ್ಣದ ದುಂಡು ಸೀಲು. ಸೀಲಿನ ಅಂಚಿನ ಅಕ್ಷರ ಹರಡಿ ಓದೋದಕ್ಕೇ ಬರುತ್ತಿರಲಿಲ್ಲ. ಇಲಾಖೆ ಹೆಸರಿಲ್ಲ, ರಸೀದಿ ನಂಬರ್ ಇಲ್ಲ, ತಾರೀಖಿಲ್ಲ. ‘ಸ್ಮಾರಕ ವೀಕ್ಷಣೆ, ರೂ. 150’ ಅಂತ ಮಾತ್ರ. ಐದು ಜನಕ್ಕೆ 750. ಗುಂಪಿನಲ್ಲಿ ಬೆಂಗಳೂರಿನಿಂದ ಬಂದ ಒಂದು ವಯಸ್ಸಾದ ಜೋಡಿ ಇತ್ತು, ಅವರು ಚಿಲ್ಲರೆ ಇಲ್ಲ ಅಂತ 500ರ ನೋಟು ಕೊಟ್ಟರು, ಬಾಕಿ 200 ‘ಆಮೇಲೆ ಕೊಡ್ತೀನಿ’ ಅಂದ. ಆ ಆಮೇಲೆ ಬರಲೇ ಇಲ್ಲ.

ಮಕ್ಬರಾ ಮುಂದೆ ನಿಂತು ‘ಇದು ಹೈದರಾಲಿ ಸಮಾಧಿ’ ಅಂದ. ಭಾವ ಮೆಲ್ಲಗೆ, ‘ಅದು ಶ್ರೀರಂಗಪಟ್ಟಣದ ಗುಂಬಜ್ ಅಲ್ವಾ?’ ಅಂದರು. ಇಷ್ಟು ಶಾಲೆ ಪುಸ್ತಕದಲ್ಲೇ ಇದೆ. ಹೈದರ್ 1782ರಲ್ಲಿ ಚಿತ್ತೂರಿನ ಹತ್ತಿರ ತೀರಿಕೊಂಡ, ಸಮಾಧಿ ಇರೋದು ಶ್ರೀರಂಗಪಟ್ಟಣದಲ್ಲಿ. ಇಲ್ಲಿ ಮಲಗಿರೋದು ಅವನಪ್ಪ ಫತೇ ಮುಹಮ್ಮದ್. ಗೈಡ್ ಒಂದು ಕ್ಷಣ ತಡೆದು, ‘ಎರಡೂ ಕಡೆ ಇದೆ ಸರ್’ ಅಂದ. ಎರಡೂ ಕಡೆ! ಹೈದರ್ ಹುಟ್ಟಿದ ಬೂದಿಕೋಟೆ ಇದೇ ಜಿಲ್ಲೆಯಲ್ಲಿದೆ, ಅದನ್ನು ಹೇಳಿದ್ದರೂ ಸಾಕಿತ್ತು, ಬಾಯಿ ಬಿಡಲಿಲ್ಲ. ಬಹುಶಃ ಗೊತ್ತಿರಲಿಲ್ಲ.

ಕೋಲಾರಮ್ಮನ ಗುಡಿಯಲ್ಲಿ ಇನ್ನೂ ಚೆಂದ. ‘ಇದನ್ನು ಕಟ್ಟಿಸಿದ್ದು ಕೃಷ್ಣದೇವರಾಯ. ಗೋಡೆ ಮೇಲೆ ಇರೋದು ಹಳಗನ್ನಡ. ಇದನ್ನು ಈವರೆಗೆ ಯಾರೂ ಓದೋಕೆ ಆಗಿಲ್ಲ.’ ಭಾವ ಎಷ್ಟೋ ವರ್ಷ ಹೊಸೂರಿನ ಫ್ಯಾಕ್ಟರಿಯಲ್ಲಿ ಇದ್ದವರು, ತಮಿಳು ಓದುತ್ತಾರೆ. ಕನ್ನಡಕ ಹಣೆ ಮೇಲೆ ಏರಿಸಿಕೊಂಡು ಕಲ್ಲಿಗೆ ಮೂಗು ತಾಗೋ ಹಾಗೆ ನಿಂತು, ಬೆರಳಿನಲ್ಲಿ ಒಂದೊಂದೇ ಅಕ್ಷರದ ಮೇಲೆ ಎಳೆದು, ‘ಇದು ತಮಿಳು ಕಣ್ರೀ’ ಅಂದರು. ಹೌದು, ತಮಿಳೇ. ಚೋಳರ ಕಾಲದ ಬರಹ. ರಾಜೇಂದ್ರ ಚೋಳನ ಶಾಸನಗಳು ಈ ಗುಡಿಯಲ್ಲಿವೆ, ಅಂದರೆ ಕೃಷ್ಣದೇವರಾಯನಿಗಿಂತ ಸುಮಾರು 500 ವರ್ಷ ಹಿಂದಿನ ಮಾತು. ಯಾರೂ ಓದಿಲ್ಲ ಅನ್ನೋದೂ ಸುಳ್ಳು. ಶಾಸನ ತಜ್ಞ ಬಿ.ಎಲ್. ರೈಸ್ 1905ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದೇ. ಇದನ್ನು ನನಗೆ ಭಾವ ಮನೆಗೆ ಬಂದ ಮೇಲೆ ಹೇಳಿದ್ದು. ಅಂದರೆ ದುಡ್ಡು ಕೊಟ್ಟದ್ದು ಒಬ್ಬನಿಗೆ, ಕಲಿತದ್ದು ಇನ್ನೊಬ್ಬರಿಂದ.

ಚೇಳಮ್ಮನ ಗುಡಿ ಮುಂದೆ ನೆಲದಲ್ಲಿ ಹುಂಡಿಯ ಗುಂಡಿ ಇದೆಯಲ್ಲ, ಊರವರಿಗೆಲ್ಲ ಗೊತ್ತು, ಚೇಳಿನ ಕಾಟ ಬರದಿರಲಿ ಅಂತ ಹರಕೆ ಹೊತ್ತು ಕಾಸು ಹಾಕುತ್ತಾರೆ. ಗೈಡ್ ದನಿ ತಗ್ಗಿಸಿ ಹೇಳಿದ, ‘ಇದರ ಕೆಳಗೆ ಸುರಂಗ ಇದೆ. ನೇರ ಕೆಜಿಎಫ್ ಚಿನ್ನದ ಗಣಿಗೆ ಹೋಗುತ್ತೆ.’ ಕೆಜಿಎಫ್ ಇಲ್ಲಿಂದ ಸುಮಾರು 30 ಕಿಲೋಮೀಟರ್. ಗಣಿ ನಡೆಸಿದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟದ್ದು 1880ರಲ್ಲಿ, ಗುಡಿ ಅದಕ್ಕಿಂತ ನೂರಾರು ವರ್ಷ ಹಳೇದು. ಅಕ್ಕನ ಚಿಕ್ಕ ಮಗ ಕೇಳಿದ, ‘ಅಂಕಲ್, ಹಾಗಾದ್ರೆ ನಾನು ಹಾಕಿದ ಐದು ರೂಪಾಯಿ ಕೆಜಿಎಫ್‌ಗೆ ಹೋಯ್ತಾ?’ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ತಲಕಾಡಿಗೆ ಹೋಗುವ ಮೊದಲು ಗಂಗರ ರಾಜಧಾನಿ ಆಗಿದ್ದ ಊರು ಇದು, ಆಗಿನ ಹೆಸರು ಕುವಲಾಲ. ಅಂಥ ಊರಿನ ಬಗ್ಗೆ ಹೇಳೋದಕ್ಕೆ ಇವನಿಗೆ ಸಿಕ್ಕಿದ್ದು ಸುರಂಗ.

ಈಗ ಆ ಘಳಿಗೆಗೆ ಬರುತ್ತೀನಿ. ಬರೆಯೋದಕ್ಕೂ ಮೈ ಉರಿಯುತ್ತೆ.

ಸೋಮೇಶ್ವರ ದೇವಸ್ಥಾನದ ಬಾಗಿಲಲ್ಲಿ ಕಾವಲಿನವರು ಒಬ್ಬರು ಕೂತಿದ್ದರು. ಭಾವ ಶಿಸ್ತಿನ ಮನುಷ್ಯ. ಜೇಬಿನಿಂದ ಐದೂ ಚೀಟಿ ತೆಗೆದು, ಬಿಡಿಸಿ, ‘ಇದನ್ನ ಇಲ್ಲಿ ತೋರಿಸಬೇಕಾ?’ ಅಂತ ಅವರ ಮುಂದೆ ಹಿಡಿದರು. ಆತ ಒಂದು ಚೀಟಿ ತಗೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮತ್ತೆ ನೋಡಿದರು. ‘ಇದ್ಯಾರು ಕೊಟ್ಟಿದ್ದು ಸಾರ್?’ ಅಂದರು. ‘ಪರ್ಮಿಷನ್ ಅಂತೆ.’ ‘ಯಾವ ಪರ್ಮಿಷನ್ನು? ಇಲ್ಲಿ ಟಿಕೇಟೇ ಇಲ್ವಲ್ಲ ಸಾರ್. ಬರೋದು, ನೋಡೋದು, ಹೋಗೋದು. ಅಷ್ಟೇಯ.’

ನಾನು ಗೈಡ್‌ಗಾಗಿ ಹುಡುಕಿದೆ. ಕಂಬದ ಆಚೆ ಬೆನ್ನು ತಿರುಗಿಸಿ ಫೋನಿನಲ್ಲಿ ಮಾತಾಡುತ್ತಿದ್ದ. ಕರೆದಾಗ ಬಂದು, ಕಾವಲಿನವರ ಎದುರಿಗೇ ಏನಂದ ಗೊತ್ತಾ? ‘ಮೇಡಂ, ಇವರಿಗೆಲ್ಲ ಗೊತ್ತಿರಲ್ಲ, ಇವರು ದಿನಗೂಲಿ ಜನ. ಪರ್ಮಿಷನ್ ಮೇಲಿನ ಲೆವೆಲ್‌ನಲ್ಲಿ ಆಗಿರುತ್ತೆ.’ ಕಾವಲಿನವರು ಎದ್ದು ನಿಂತರು. ‘ಹೇಳಪ್ಪ, ಯಾವ ಲೆವೆಲ್ಲು? ಹೆಸರು ಹೇಳು, ಈಗಲೇ ಫೋನ್ ಮಾಡ್ತೀನಿ’ ಅಂದರು. ಅವನು ‘ಟೈಮ್ ಆಯ್ತು, ತಿಂಡಿಗೆ ಲೇಟ್ ಆಗುತ್ತೆ, ಬನ್ನಿ ಬನ್ನಿ’ ಅಂತ ಎಲ್ಲರನ್ನೂ ಹೊರಗೆ ಹೊರಡಿಸಿಬಿಟ್ಟ. ಆ ಕಲ್ಯಾಣ ಮಂಟಪದ ಕೆತ್ತನೆ ನೋಡೋದಕ್ಕೇ ದೂರ ದೂರದಿಂದ ಜನ ಬರುತ್ತಾರೆ. ನಮಗೆ ಅದರ ಕಡೆ ಕತ್ತು ತಿರುಗಿಸೋಕೂ ಬಿಡಲಿಲ್ಲ.

ಭಾವ ಬೈಯಲಿಲ್ಲ. ನಕ್ಕರು. ‘ನಿಮ್ಮೂರಲ್ಲಿ ದೇವಸ್ಥಾನದೊಳಗೆ ಮಾತಾಡೋಕೂ ದುಡ್ಡು ಕೊಡಬೇಕೇನಮ್ಮ?’ ಅಂದರು. ಬೈದಿದ್ದರೆ ವಾಸಿ ಇತ್ತು.

ತಿಂಡಿ ಅಂದರೆ ಹೋಟೆಲ್ ಅಂದುಕೊಂಡಿದ್ದೆ. ಕರೆದುಕೊಂಡು ಹೋಗಿದ್ದು ಒಂದು ಅಂಗಡಿ ಮೇಲಿನ ಕೋಣೆಗೆ. ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಟಿವಿ. ಕಾಗದದ ತಟ್ಟೆಯಲ್ಲಿ ಎರಡು ಆರಿದ ಇಡ್ಲಿ, ನೀರು ನೀರಾದ ಚಟ್ನಿ. ಅಪ್ಪಟ ಕೋಲಾರದ ತಿಂಡಿ! ಇಡ್ಲಿ ಬಾಯಿಗಿಡೋ ಮೊದಲೇ ಟಿವಿಯಲ್ಲಿ ಲೇಔಟ್ ನಕ್ಷೆ ಬಂತು. ಇಸ್ತ್ರಿ ಷರಟಿನ ಒಬ್ಬರು ಬಂದು ‘ನಮ್ಮ ಪ್ರಾಯೋಜಕರ ಕಡೆಯಿಂದ ಎರಡು ಮಾತು’ ಅಂತ ಶುರು ಮಾಡಿದವರು ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ, 30–40 ಸೈಟು, ಇವತ್ತೇ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ ಅಂತ ನಿಲ್ಲಿಸಲೇ ಇಲ್ಲ. ಸ್ವಂತ ಮನೆಯಾ ಬಾಡಿಗೆಯಾ ಅಂತ ಬರೆಸಿಕೊಂಡದ್ದು ಇದಕ್ಕೆ. ಬಾಡಿಗೆ ಅಂತ ಬರೆದವರ ಪಕ್ಕ ಒಬ್ಬೊಬ್ಬ ಹುಡುಗ ಬಂದು ಕೂತ. ನಡಿಗೆ ಸುಮ್ನೆ ನೆಪ ಕಣ್ರೀ. ಗಾಳಕ್ಕೆ ಸಿಕ್ಕಿಸಿದ ಎರೆಹುಳ ನಮ್ಮ ಸೋಮೇಶ್ವರ.

ಅಂತರಗಂಗೆ? ಅದೇ ಕಟ್ಟಡದ ತಾರಸಿಗೆ ಹತ್ತಿಸಿ, ‘ಅಗೋ, ಆ ಬೆಟ್ಟದಲ್ಲೇ ಅಂತರಗಂಗೆ, ಬಸವನ ಬಾಯಿಂದ ನೀರು ಬರುತ್ತೆ’ ಅಂತ ಬೆರಳು ತೋರಿಸಿದ. ಫೋಟೋ ತಗೊಳ್ಳಿ ಅಂದ. ಮುಗೀತು.

ಸಂಜೆ ಮೆಸೇಜ್ ಹಾಕಿದೆ. ಪರ್ಮಿಷನ್ ದುಡ್ಡು 750 ವಾಪಸ್ ಕೊಡಿ, ಅಂತರಗಂಗೆಗೆ ಕರೆದುಕೊಂಡು ಹೋಗಿಲ್ಲ, ಅದರ ಲೆಕ್ಕ ಹೇಳಿ ಅಂತ ಮರ್ಯಾದೆಯಿಂದಲೇ ಕೇಳಿದೆ. ಬಂದ ಉತ್ತರಗಳನ್ನು ಇಲ್ಲಿ ಹಾಗೇ ಬರೆಯುತ್ತೀನಿ. ಮೊದಲನೆಯದು, ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’, ಜೊತೆಗೆ ಕೈಮುಗಿದ ಚಿತ್ರ. ಸರಿ, ದುಡ್ಡು? ‘ಮೇಡಂ, ಅದು ಪ್ರವೇಶ ಶುಲ್ಕ ಅಲ್ಲ, ಕೋಆರ್ಡಿನೇಷನ್ ಚಾರ್ಜ್.’ ಚೀಟಿಯಲ್ಲಿ ಸ್ಮಾರಕ ವೀಕ್ಷಣೆ ಅಂತ ಇದೆಯಲ್ಲ ಅಂತ ಫೋಟೋ ಕಳಿಸಿದೆ. ‘ಅದು ಹಳೇ ಪುಸ್ತಕ, ಪ್ರಿಂಟ್ ಮಿಸ್ಟೇಕ್.’ ಮಕ್ಬರಾ, ಶಾಸನ ಎಲ್ಲ ತಪ್ಪು ಹೇಳಿದ್ದೀರಿ ಅಂದದ್ದಕ್ಕೆ, ‘ಇತಿಹಾಸದಲ್ಲಿ ಹಲವು ಅಭಿಪ್ರಾಯ ಇರುತ್ತೆ ಮೇಡಂ’. ಅಂತರಗಂಗೆಗೆ, ‘ಬೆಟ್ಟ ತೋರಿಸಿದ್ದೀವಲ್ಲ’. ಇಷ್ಟರಲ್ಲಿ ನಾನೂ ದನಿ ಏರಿಸಿ, ನಾನು ಇದೇ ಊರಲ್ಲಿ ಇರೋಳು, ಹೀಗೆಲ್ಲ ಆಡಬೇಡಿ ಅಂದೆ. ಅದಕ್ಕೆ ಬಂದ ಉತ್ತರ ಓದಿ: ‘ಲೋಕಲ್ ಅಂತ ಮೊದಲೇ ಹೇಳಬೇಕಿತ್ತು ಮೇಡಂ. ನಮ್ಮ ವಾಕ್ ಹೊರಗಿನವರಿಗೆ.’

ಅರ್ಥ ಆಯ್ತಲ್ಲ? ಊರವರಾದರೆ ಸಿಕ್ಕಿಬೀಳ್ತೀವಿ, ಹೊರಗಿನವರಾದರೆ ಪರವಾಗಿಲ್ಲ ಅಂತ ಬಾಯಿಬಿಟ್ಟು ಹೇಳಿದ ಹಾಗೆ. ಆ ಬೆಂಗಳೂರಿನ ವಯಸ್ಸಾದವರು ಇನ್ನೂ ಅದನ್ನು ನಿಜವಾದ ಪರ್ಮಿಷನ್ ಅಂತಲೇ ನಂಬಿರಬಹುದು.

ಮಾರನೇ ದಿನ ಬೇರೆ ನಂಬರಿನಿಂದ ಫೋನ್. ಯಾರೋ ‘ಮ್ಯಾನೇಜರ್’. ಗೂಗಲ್‌ನಲ್ಲಿ ನಾನು ಬರೆದದ್ದನ್ನು ತೆಗೆದು ಐದು ಸ್ಟಾರ್ ಕೊಟ್ಟರೆ 750 ಕಳಿಸುತ್ತೀವಿ ಅಂದರು. ಮೊದಲು ದುಡ್ಡು ಕಳಿಸಿ ಅಂದೆ. ‘ನಿಮ್ಮಂಥವರಿಂದಲೇ ಕೋಲಾರ ಮುಂದೆ ಬರಲ್ಲ’ ಅಂದರು! ಆಮೇಲೆ ಕೇಸಿನ ಬೆದರಿಕೆ, ಆಮೇಲೆ ಬ್ಲಾಕ್. ಆದರೆ ಸೈಟಿನವರು ಬ್ಲಾಕ್ ಮಾಡಿಲ್ಲ. ಅಕ್ಕನಿಗೆ ಶಿವಮೊಗ್ಗಕ್ಕೂ ಫೋನ್ ಹೋಗುತ್ತಿದೆ, ‘ಮೇಡಂ, ಕಾರ್ನರ್ ಸೈಟ್ ಒಂದು ಉಳಿದಿದೆ’ ಅಂತ.

ಹೋಗಲೇಬೇಕು ಅಂದರೆ ಕೋಲಾರಮ್ಮ, ಸೋಮೇಶ್ವರ ಎರಡೂ ನಡೆದು ಹೋಗುವ ದೂರದಲ್ಲೇ ಇವೆ, ನೀವೇ ಹೋಗಿ. ಎರಡಕ್ಕೂ ಟಿಕೆಟ್ ಇಲ್ಲ. ಟಿಕೆಟ್ ಇರುವ ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಸ್ಮಾರಕಗಳಲ್ಲೂ 15 ವರ್ಷದ ಒಳಗಿನ ಮಕ್ಕಳಿಗೆ ದುಡ್ಡಿಲ್ಲ, ಮಕ್ಕಳಿಗೂ ಕೇಳಿದರೆ ಅಲ್ಲಿಗೇ ನಿಲ್ಲಿ. ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ತೋರಿಸಿ ಅನ್ನಿ, ಇವನ ಕೊರಳಲ್ಲಿ ಇದ್ದದ್ದು ಯಾವುದೋ ಕಂಪನಿಯ ಟ್ಯಾಗು. ಸ್ವಂತ ಮನೆಯಾ ಬಾಡಿಗೆಯಾ ಅಂತ ಯಾರಾದರೂ ಕೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದ್ದೀನಿ. ಅದು ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೀನಿ, ಸಣ್ಣ ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. 750 ರೂಪಾಯಿಗೆ ಇಷ್ಟೆಲ್ಲ ಯಾಕೆ ಅಂತ ನಮ್ಮ ಮನೆಯವರೂ ಕೇಳಿದರು. ಭಾವ ನಕ್ಕಿದ್ದು ಅವರು ನೋಡಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಅದೇ ಹಳದಿ ಚೀಟಿ ಇದ್ದರೆ ಎಸೆಯಬೇಡಿ, ಎರಡೂ ಬದಿಯ ಫೋಟೋ ತೆಗೆದು ನನಗೆ ಕಳಿಸಿ. ದುಡ್ಡು ಫೋನಿನಲ್ಲಿ ಕಳಿಸಿದ್ದರೆ ಅದರ ಸ್ಕ್ರೀನ್‌ಶಾಟ್ ಕೂಡ. ಆ ಬೆಂಗಳೂರಿನ ದಂಪತಿಗಳು ಇದನ್ನು ಓದುತ್ತಿದ್ದರೆ, ನಿಮ್ಮ ಬಾಕಿ 200 ಕೂಡ ದೂರಿನಲ್ಲಿ ಸೇರಿಸೋಣ.